ಲಿವರ್ ಕ್ಯಾನ್ಸರ್: ಆಪರೇಷನ್‌ಗೆ ಮೊದಲು ಐದಾರು ವಾರ ಕಾಯಿಸುವುದೇಕೆ? ಆ ವಾರಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು?

ಸ್ಕ್ಯಾನ್‌ನಲ್ಲಿ ಲಿವರ್‌ನ ಬಲಭಾಗದಲ್ಲಿ ದೊಡ್ಡ ಗಡ್ಡೆ ಕಾಣಿಸಿದೆ. ಕ್ಯಾನ್ಸರ್ ಎಂದು ಖಚಿತವಾಗಿದೆ. ಆಪರೇಷನ್ ಮಾಡಿ ತೆಗೆಯಬಹುದು ಎಂದು ಡಾಕ್ಟರ್ ಹೇಳಿದಾಗ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಡಾಕ್ಟರ್ ಇನ್ನೊಂದು ಮಾತು ಸೇರಿಸುತ್ತಾರೆ: "ಈಗಲೇ ಬೇಡ. ಮೊದಲು ಒಂದು ಸಣ್ಣ ಪ್ರೊಸೀಜರ್ ಮಾಡೋಣ. ನಾಲ್ಕೈದು ವಾರ ಬಿಟ್ಟು ಮತ್ತೆ ಸ್ಕ್ಯಾನ್. ಆಮೇಲೆ ಆಪರೇಷನ್."

ಗೊಂದಲ ಶುರುವಾಗುವುದು ಇಲ್ಲೇ. ಕ್ಯಾನ್ಸರ್ ಇದ್ದೂ ಕಾಯುವುದೇ? ಆಸ್ಪತ್ರೆಯವರು ಸುಮ್ಮನೆ ದಿನ ದೂಡುತ್ತಿದ್ದಾರೆಯೇ? ಅಷ್ಟರಲ್ಲಿ ಫ್ಯಾಮಿಲಿ ಗ್ರೂಪ್‌ಗೆ ಸಂದೇಶಗಳು ಬಂದು ಬೀಳುತ್ತವೆ. ಸಕ್ಕರೆ ಬಿಟ್ಟು ಉಪವಾಸ ಮಾಡಿದರೆ ಗಡ್ಡೆ ಒಣಗುತ್ತದಂತೆ, ಈ ಎಲೆಯ ರಸ ಕುಡಿದರೆ ಲಿವರ್ ಕ್ಲೀನ್ ಆಗುತ್ತದಂತೆ, ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದಂತೆ. ಕಾಯುವ ವಾರಗಳನ್ನು ಏನು ಮಾಡುವುದೆಂದು ಗೊತ್ತಿಲ್ಲದ ಮನೆಯವರಿಗೆ ಇವೆಲ್ಲ ಒಂದು ದಾರಿಯಂತೆ ಕಾಣುತ್ತವೆ.

ವಾಸ್ತವದಲ್ಲಿ ಆ ವಾರಗಳು ಖಾಲಿ ವಾರಗಳಲ್ಲ. ಚಿಕಿತ್ಸೆ ಆಗಲೇ ಶುರುವಾಗಿರುತ್ತದೆ. ಹೇಗೆ ಎಂದು ನೋಡೋಣ.

ಎಷ್ಟು ತೆಗೆಯುತ್ತಾರೆ ಎನ್ನುವುದಕ್ಕಿಂತ ಎಷ್ಟು ಉಳಿಯುತ್ತದೆ ಎನ್ನುವುದು ಮುಖ್ಯ

ವಯಸ್ಕರ ಲಿವರ್ ಸುಮಾರು 1.2ರಿಂದ 1.5 ಕಿಲೋ ತೂಗುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಯಾರಿಸುವುದು, ಅಲ್ಬುಮಿನ್ ಎಂಬ ಪ್ರೋಟೀನ್ ತಯಾರಿಸುವುದು, ಪಿತ್ತರಸ ಸುರಿಸುವುದು, ಸಕ್ಕರೆಯನ್ನು ಕೂಡಿಟ್ಟು ಬೇಕಾದಾಗ ಬಿಡುವುದು, ಔಷಧ ಮತ್ತು ವಿಷಗಳನ್ನು ಒಡೆಯುವುದು, ಹೀಗೆ ನೂರಾರು ಕೆಲಸ ಅದರದ್ದು. ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್ ಇದೆ. ಲಿವರ್ ಕೈಕೊಟ್ಟರೆ ಅದರ ಎಲ್ಲ ಕೆಲಸವನ್ನೂ ದೀರ್ಘಕಾಲ ಮಾಡಬಲ್ಲ ಯಂತ್ರ ಇಲ್ಲ.

ಲಿವರ್‌ನ ಬಲಭಾಗ ದೊಡ್ಡದು, ಎಡಭಾಗ ಚಿಕ್ಕದು. ಬಲಭಾಗವನ್ನು ಪೂರ್ತಿ ತೆಗೆದರೆ ಸಾಮಾನ್ಯವಾಗಿ ಶೇ. 60ರಿಂದ 65ರಷ್ಟು ಲಿವರ್ ಹೋಗುತ್ತದೆ. ಉಳಿದದ್ದು ಆಪರೇಷನ್ ಮುಗಿದ ಕ್ಷಣದಿಂದಲೇ ಇಡೀ ದೇಹದ ಹೊಣೆ ಹೊರಬೇಕು. ಅದಕ್ಕೆ ಆಗದಿದ್ದರೆ ಕಾಮಾಲೆ ಏರುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ, ರೋಗಿಗೆ ಮಂಪರು ಕವಿಯುತ್ತದೆ. ದೊಡ್ಡ ಲಿವರ್ ಆಪರೇಷನ್ ಬಳಿಕ ಡಾಕ್ಟರ್‌ಗಳು ಹೆಚ್ಚು ಹೆದರುವುದು ಇದಕ್ಕೇ. ಗಡ್ಡೆಯನ್ನು ಚೆನ್ನಾಗಿ ತೆಗೆದಿದ್ದರೂ ರೋಗಿ ಉಳಿಯದೇ ಹೋಗಬಹುದು.

1970ರ ದಶಕದಲ್ಲಿ ದೊಡ್ಡ ಲಿವರ್ ಆಪರೇಷನ್‌ಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಿದ್ದರು. ಇಂದು ಅನುಭವಿ ಕೇಂದ್ರಗಳಲ್ಲಿ ಆ ಪ್ರಮಾಣ ನೂರಕ್ಕೆ ಐದಕ್ಕಿಂತ ಕಡಿಮೆ. ಸರ್ಜನ್‌ಗಳ ಕೈಚಳಕ, ಅರಿವಳಿಕೆ, ಐಸಿಯು ಎಲ್ಲವೂ ಸುಧಾರಿಸಿವೆ. ಅದರ ಜೊತೆಗೆ ಆಪರೇಷನ್‌ಗೆ ಮೊದಲಿನ ಲೆಕ್ಕಾಚಾರ ಮತ್ತು ತಯಾರಿಗೂ ಇದರಲ್ಲಿ ದೊಡ್ಡ ಪಾಲಿದೆ.

ಎಷ್ಟು ಉಳಿದರೆ ಸಾಕು?

ಸಿಟಿ ಸ್ಕ್ಯಾನ್ ಚಿತ್ರಗಳಿಂದ, ಗಡ್ಡೆಯನ್ನು ಬಿಟ್ಟು, ಲಿವರ್‌ನ ಯಾವ ಭಾಗ ಎಷ್ಟು ಮಿಲಿಲೀಟರ್ ಇದೆ ಎಂದು ಕಂಪ್ಯೂಟರ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಪಾಲಿಸುವ ಲೆಕ್ಕ ಇದು:

• ಲಿವರ್ ಆರೋಗ್ಯವಾಗಿದ್ದರೆ ಕನಿಷ್ಠ ಶೇ. 20ರಿಂದ 25 ಉಳಿಯಬೇಕು.
• ಕೀಮೋಥೆರಪಿಯಿಂದಲೋ ಕೊಬ್ಬಿನಿಂದಲೋ ಲಿವರ್ ಸ್ವಲ್ಪ ಹಾಳಾಗಿದ್ದರೆ ಸುಮಾರು ಶೇ. 30.
• ಸಿರೋಸಿಸ್ ಇದ್ದರೆ, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗಿದ್ದರೆ, ಸುಮಾರು ಶೇ. 40.

ಒಂದು ಉದಾಹರಣೆ. ಒಬ್ಬರ ಲಿವರ್ 1,400 ಮಿ.ಲೀ. ಇದೆ. ಬಲಭಾಗವನ್ನೂ ಪಕ್ಕದ ಸ್ವಲ್ಪ ಭಾಗವನ್ನೂ ತೆಗೆದರೆ 350 ಮಿ.ಲೀ. ಉಳಿಯುತ್ತದೆ. ಅದು ಶೇ. 25. ಲಿವರ್ ಚೆನ್ನಾಗಿದ್ದರೆ ಇಷ್ಟೇ ಸಾಕಾಗಬಹುದು. ಕೊಬ್ಬು ತುಂಬಿದ ಲಿವರ್ ಆದರೆ 420 ಬೇಕು. ಸಿರೋಸಿಸ್ ಇದ್ದರೆ 560 ಬೇಕು. ಒಂದೇ ಅಳತೆಯ ಗಡ್ಡೆ ಇರುವ ಇಬ್ಬರಲ್ಲಿ ಒಬ್ಬರಿಗೆ ಮುಂದಿನ ವಾರವೇ ಆಪರೇಷನ್, ಇನ್ನೊಬ್ಬರಿಗೆ ಐದು ವಾರ ಕಾಯುವುದು, ಮತ್ತೊಬ್ಬರಿಗೆ ಆಪರೇಷನ್ನೇ ಬೇಡ ಎನ್ನುವುದು ಈ ಲೆಕ್ಕದಿಂದಲೇ. ಪಕ್ಕದ ಮನೆಯವರಿಗೆ ಮಾಡಿದ್ದು ನಿಮ್ಮ ಮನೆಯವರಿಗೂ ಸರಿಹೋಗುತ್ತದೆ ಎನ್ನಲಾಗದು.

ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಇರುವ ಬಹುತೇಕರಲ್ಲಿ ಲಿವರ್ ಮೊದಲೇ ಹದಗೆಟ್ಟಿರುತ್ತದೆ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಡಯಾಬಿಟಿಸ್ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್ ಇದಕ್ಕೆ ಮುಖ್ಯ ಕಾರಣಗಳು. ಹಾಗಾಗಿ ಗಾತ್ರದ ಜೊತೆಗೆ ಕೆಲಸ ಮಾಡುವ ಶಕ್ತಿಯನ್ನೂ ನೋಡುತ್ತಾರೆ. ಬಿಲಿರುಬಿನ್, ಅಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗ, ಹೊಟ್ಟೆಯಲ್ಲಿ ನೀರು, ಮನಸ್ಸಿನ ಎಚ್ಚರ, ಈ ಐದನ್ನು ಸೇರಿಸಿ ಚೈಲ್ಡ್-ಪಗ್ ಎಂಬ ಅಂಕ ಕೊಡುತ್ತಾರೆ. 5 ಅಥವಾ 6 ಬಂದರೆ 'ಎ' ದರ್ಜೆ. ದೊಡ್ಡ ಆಪರೇಷನ್‌ಗೆ ಸಾಮಾನ್ಯವಾಗಿ ಆರಿಸುವುದು ಈ ದರ್ಜೆಯವರನ್ನೇ. ಪ್ಲೇಟ್‌ಲೆಟ್ ಎಣಿಕೆ, ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ನೋಡುವ ಎಂಡೋಸ್ಕೋಪಿ, ಹೃದಯದ ಎಕೋ ಇವೂ ಈ ಪಟ್ಟಿಯಲ್ಲಿರುತ್ತವೆ. ಕೆಲವು ಕಡೆ ಹಸಿರು ಬಣ್ಣದ ದ್ರವವನ್ನು ರಕ್ತನಾಳಕ್ಕೆ ಕೊಟ್ಟು, 15 ನಿಮಿಷದಲ್ಲಿ ಲಿವರ್ ಅದನ್ನು ಎಷ್ಟು ತೆಗೆದುಹಾಕಿದೆ ಎಂದೂ ಅಳೆಯುತ್ತಾರೆ. ಇಷ್ಟೊಂದು ಟೆಸ್ಟ್ ಏಕೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಹಲ್ಲಿಯ ಬಾಲದಂತೆ ಬೆಳೆಯುತ್ತದೆಯೇ?

"ಲಿವರ್ ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ, ಹೆದರಬೇಡಿ" ಎಂಬ ಮಾತು ಅರ್ಧ ಸತ್ಯ. ಕತ್ತರಿಸಿದ ಭಾಗ ಹಲ್ಲಿಯ ಬಾಲದಂತೆ ಅದೇ ಜಾಗದಲ್ಲಿ ಚಿಗುರುವುದಿಲ್ಲ. ಉಳಿದ ಭಾಗ ಉಬ್ಬಿ ದೊಡ್ಡದಾಗುತ್ತದೆ. ಅದಕ್ಕೂ ವಾರಗಳು, ತಿಂಗಳುಗಳು ಬೇಕು. ಸಿರೋಸಿಸ್ ಇರುವ ಲಿವರ್ ನಿಧಾನವಾಗಿ, ಕಡಿಮೆ ಬೆಳೆಯುತ್ತದೆ. ಆಪರೇಷನ್ ಆದ ಮೊದಲ ವಾರದ ಗಂಡಾಂತರದಲ್ಲಿ ಆಮೇಲೆ ಬರುವ ಬೆಳವಣಿಗೆ ಉಪಯೋಗಕ್ಕೆ ಬಾರದು.

ಹಾಗಾದರೆ ಆಪರೇಷನ್‌ಗೆ ಮೊದಲೇ ಬೆಳೆಸಿಬಿಟ್ಟರೆ? ಇದೇ ಆ "ಸಣ್ಣ ಪ್ರೊಸೀಜರ್"ನ ಹಿಂದಿನ ಯೋಚನೆ.

ಲಿವರ್‌ಗೆ ಎರಡು ದಾರಿಯಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ವೇಯ್ನ್ ಎಂಬ ರಕ್ತನಾಳದ ಮೂಲಕ, ಉಳಿದದ್ದು ಹೃದಯದ ಕಡೆಯಿಂದ ಅಪಧಮನಿಯ ಮೂಲಕ. 1920ರಲ್ಲಿ ಅಮೆರಿಕದ ವಿಜ್ಞಾನಿ ಪೇಟನ್ ರೌಸ್ ಮತ್ತು ಅವರ ಸಹೋದ್ಯೋಗಿ ಮೊಲಗಳಲ್ಲಿ ಪೋರ್ಟಲ್ ವೇಯ್ನ್‌ನ ಒಂದು ಕವಲನ್ನು ಕಟ್ಟಿ ನೋಡಿದರು. ರಕ್ತ ನಿಂತ ಭಾಗ ಸೊರಗಿತು, ರಕ್ತ ಹೆಚ್ಚಾಗಿ ಹರಿದ ಭಾಗ ದಪ್ಪವಾಯಿತು. ಗದ್ದೆಯ ಒಂದು ಕಾಲುವೆ ಮುಚ್ಚಿದರೆ ನೀರೆಲ್ಲ ಇನ್ನೊಂದು ಕಡೆಗೆ ಹರಿದು ಅಲ್ಲಿಯ ಪೈರು ಎದ್ದಂತೆ. ಸುಮಾರು ಆರು ದಶಕಗಳ ನಂತರ, 1980ರ ದಶಕದಲ್ಲಿ, ಜಪಾನಿನ ಸರ್ಜನ್ ಮಸಾತೋಶಿ ಮಕುಉಚಿ ಮತ್ತಿತರರು ಇದನ್ನು ಕ್ಯಾನ್ಸರ್ ರೋಗಿಗಳಲ್ಲಿ ಬಳಕೆಗೆ ತಂದರು. ಇದರ ಹೆಸರು ಪೋರ್ಟಲ್ ವೇಯ್ನ್ ಎಂಬೊಲೈಸೇಶನ್.

ಇದಕ್ಕೆ ಹೊಟ್ಟೆ ಕೊಯ್ಯಬೇಕಿಲ್ಲ. ಅಲ್ಟ್ರಾಸೌಂಡ್ ಮತ್ತು ಎಕ್ಸ್-ರೇ ನೋಡುತ್ತಾ ಚರ್ಮದ ಮೂಲಕ ಸೂಜಿ ತೂರಿಸಿ, ಮುಂದೆ ತೆಗೆಯಲಿರುವ ಭಾಗಕ್ಕೆ ಹೋಗುವ ಕವಲನ್ನು ಅಂಟು, ಕಣಗಳು ಅಥವಾ ಸಣ್ಣ ಸುರುಳಿಗಳಿಂದ ಮುಚ್ಚುತ್ತಾರೆ. ರಕ್ತ ಉಳಿಯಲಿರುವ ಭಾಗಕ್ಕೆ ತಿರುಗುತ್ತದೆ. ಮೂರರಿಂದ ಆರು ವಾರಗಳಲ್ಲಿ ಆ ಭಾಗ ಸಾಮಾನ್ಯವಾಗಿ ಮೂರನೇ ಒಂದು ಪಾಲಿನಷ್ಟು ಹೆಚ್ಚುತ್ತದೆ. ನಮ್ಮ ಉದಾಹರಣೆಯ 350 ಮಿ.ಲೀ. ಸುಮಾರು 465 ಆಗುತ್ತದೆ, ಅಂದರೆ ಶೇ. 33. ಕೊಬ್ಬು ತುಂಬಿದ ಲಿವರ್‌ಗೆ ಬೇಕಿದ್ದ ಗಡಿ ದಾಟಿತು. ಐದು ವಾರದ ಹಿಂದೆ ಅಪಾಯಕಾರಿಯಾಗಿದ್ದ ಆಪರೇಷನ್ ಈಗ ಮಾಡಬಹುದಾದದ್ದು.

ಈ ಕಾಯುವಿಕೆ ಒಂದು ಪರೀಕ್ಷೆಯೂ ಹೌದು. ರಕ್ತ ಹೆಚ್ಚು ಕೊಟ್ಟರೂ ಬೆಳೆಯದ ಲಿವರ್ ದೊಡ್ಡ ಆಪರೇಷನ್ ತಡೆಯುವುದಿಲ್ಲ ಎಂಬುದು ಮೊದಲೇ ಗೊತ್ತಾಗುತ್ತದೆ. ಥಿಯೇಟರ್‌ನಿಂದ ಹೊರಬಂದ ಮೇಲೆ ಗೊತ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ.

ಅಷ್ಟರಲ್ಲಿ ಗಡ್ಡೆ ಬೆಳೆದುಬಿಟ್ಟರೆ?

ಈ ಭಯ ನ್ಯಾಯವಾದದ್ದೇ. ಕೆಲವರಲ್ಲಿ ಹಾಗಾಗುತ್ತದೆ, ಎರಡನೇ ಸ್ಕ್ಯಾನ್‌ನಲ್ಲಿ ಹೊಸ ಗಡ್ಡೆ ಕಂಡು ಆಪರೇಷನ್ ಕೈಬಿಡಬೇಕಾಗಿ ಬರುವುದೂ ಉಂಟು. ಆದರೆ ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಬಹುತೇಕರಲ್ಲಿ ಎರಡು ಪಟ್ಟಾಗಲು ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ. ಜೊತೆಗೆ ಈ ಗಡ್ಡೆ ರಕ್ತ ಹೀರುವುದು ಹೆಚ್ಚಾಗಿ ಅಪಧಮನಿಯಿಂದ. ಹಾಗಾಗಿ ಕೆಲವು ರೋಗಿಗಳಲ್ಲಿ ಮೊದಲು ಅಪಧಮನಿಯ ಮೂಲಕ ಗಡ್ಡೆಗೇ ಔಷಧ ಕೊಟ್ಟು ಅದರ ರಕ್ತ ತಡೆಯುತ್ತಾರೆ. ಆಮೇಲೆ ಪೋರ್ಟಲ್ ಕವಲನ್ನು ಮುಚ್ಚುತ್ತಾರೆ. ಗಡ್ಡೆಯನ್ನು ಹಿಡಿದಿಟ್ಟುಕೊಂಡೇ ಲಿವರ್ ಬೆಳೆಸುವ ಉಪಾಯ ಇದು.

"ಕತ್ತಿ ತಾಗಿದರೆ, ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಮಾತಿಗೆ ಆಧಾರ ಇಲ್ಲ. ಗಾಳಿಯಿಂದ ಕ್ಯಾನ್ಸರ್ ಹರಡುವುದಿಲ್ಲ. ಗಡ್ಡೆಯ ಸುತ್ತ ಆರೋಗ್ಯವಂತ ಅಂಚನ್ನೂ ಸೇರಿಸಿ ತೆಗೆಯುವುದೇ ಈ ಆಪರೇಷನ್‌ನ ಉದ್ದೇಶ. ಹೊಟ್ಟೆ ತೆರೆದಾಗ ರೋಗ ಮೊದಲೇ ಹರಡಿರುವುದು ಕಂಡರೆ, ತೆರೆದದ್ದರಿಂದಲೇ ಹರಡಿತು ಎಂದು ಜನ ತಪ್ಪಾಗಿ ಭಾವಿಸುತ್ತಾರೆ.

ಉಪವಾಸ ಮಾಡಿಸಿದರೆ ಸೊರಗುವುದು ರೋಗಿ

ಲಿವರ್ ರೋಗ ಎಂದ ಕೂಡಲೇ ನಮ್ಮಲ್ಲಿ ಗಂಜಿ, ಎಳನೀರು, ಸಪ್ಪೆ ಸಾರಿಗೆ ಇಳಿಸಿಬಿಡುತ್ತಾರೆ. ಮೊಟ್ಟೆ ಬೇಡ, ಬೇಳೆ ಬೇಡ, ಹಾಲು ಬೇಡ. ಕ್ಯಾನ್ಸರ್ ಎಂದರೆ ಸಕ್ಕರೆಯೂ ಬೇಡ. ಕೊನೆಗೆ ಉಳಿಯುವುದು ಏನು?

ಕ್ಯಾನ್ಸರ್ ಕೋಶಗಳು ಸಕ್ಕರೆ ಬಳಸುವುದು ನಿಜ. ದೇಹದ ಉಳಿದ ಕೋಶಗಳೂ ಬಳಸುತ್ತವೆ. ನೀವು ಅನ್ನ ಬಿಟ್ಟರೂ ಲಿವರ್ ಕೂಡಿಟ್ಟದ್ದರಿಂದ, ಮಾಂಸಖಂಡ ಕರಗಿಸಿ, ರಕ್ತದಲ್ಲಿ ಸಕ್ಕರೆ ಇರುವಂತೆ ದೇಹ ನೋಡಿಕೊಳ್ಳುತ್ತದೆ. ಸಿರೋಸಿಸ್ ಇದ್ದವರಲ್ಲಿ ಕೂಡಿಟ್ಟದ್ದು ಕಡಿಮೆ ಇರುವುದರಿಂದ ಒಂದು ರಾತ್ರಿಯ ಉಪವಾಸಕ್ಕೇ ಮಾಂಸಖಂಡ ಕರಗಲು ಶುರುವಾಗುತ್ತದೆ. ಮಾಂಸಖಂಡ ಕರಗಿದ ರೋಗಿಗೆ ಆಪರೇಷನ್ ನಂತರ ಸೋಂಕು ಹೆಚ್ಚು, ಚೇತರಿಕೆ ನಿಧಾನ.

ಆದ್ದರಿಂದ ಇಂದಿನ ಸಲಹೆ ಇದಕ್ಕೆ ತದ್ವಿರುದ್ಧ: ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್. 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ಒಂದು ಹಿಡಿ (30 ಗ್ರಾಂ) ಬೇಳೆ ಅಥವಾ ಹೆಸರುಕಾಳಿನಲ್ಲಿ 7, 100 ಗ್ರಾಂ ಮೀನಿನಲ್ಲಿ 20ರ ಆಸುಪಾಸು ಇರುತ್ತದೆ. ಮುದ್ದೆಗೆ ಬರೀ ತಿಳಿಸಾರಿನ ಬದಲು ಕಾಳಿನ ಗಟ್ಟಿ ಸಾರು, ಮಧ್ಯಾಹ್ನ ಮೊಸರು, ಮಾಂಸಾಹಾರಿಗಳಿಗೆ ಮೊಟ್ಟೆ ಮೀನು, ಹೀಗೆ ಮನೆಯ ಅಡುಗೆಯಲ್ಲೇ ಇದನ್ನು ಮುಟ್ಟಬಹುದು. ಸಿರೋಸಿಸ್ ಇದ್ದವರು ಮಲಗುವ ಮುನ್ನ ಏನಾದರೂ ತಿನ್ನುವುದು ಒಳ್ಳೆಯದು. ಒಂದು ಲೋಟ ಹಾಲಿನ ಜೊತೆ ಎರಡು ಬ್ರೆಡ್ ಆದರೂ ಸರಿ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಎಷ್ಟು, ಡಯಾಬಿಟಿಸ್ ಇದ್ದರೆ ಅನ್ನ ಎಷ್ಟು ಎಂಬುದನ್ನು ಡಯೆಟಿಶಿಯನ್ ಹತ್ತಿರ ಕೇಳಿ. ಬೂಷ್ಟು ಹಿಡಿದ ಕಡಲೇಕಾಯಿ, ಜೋಳಗಳನ್ನು ಮಾತ್ರ ಎಸೆಯಿರಿ. ಅವುಗಳಲ್ಲಿ ಲಿವರ್ ಕ್ಯಾನ್ಸರ್‌ಗೆ ಕಾರಣವಾಗುವ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು.

ಆಪರೇಷನ್ ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರೂ ಕುಡಿಯಬಾರದು ಎಂಬ ಹಳೆಯ ಪದ್ಧತಿಯೂ ಬದಲಾಗಿದೆ. ಬಹುತೇಕರಿಗೆ ಗಟ್ಟಿ ಆಹಾರ ಆರು ಗಂಟೆ ಮೊದಲಿನವರೆಗೆ, ತಿಳಿ ದ್ರವ ಎರಡು ಗಂಟೆ ಮೊದಲಿನವರೆಗೆ ಪರವಾಗಿಲ್ಲ. ನಿಮಗೆ ಯಾವುದು ಎಂದು ಅರಿವಳಿಕೆ ಡಾಕ್ಟರ್ ಹೇಳುತ್ತಾರೆ. ಅವರ ಮಾತೇ ಅಂತಿಮ.

ಲಿವರ್ ಕ್ಲೀನ್ ಮಾಡುವ ಕಷಾಯಗಳು

ಲಿವರ್ ಕೊಳೆ ಕಟ್ಟಿಕೊಳ್ಳುವ ಪೈಪ್ ಅಲ್ಲ, ತೊಳೆಯಲು. ವಿಷ ಒಡೆಯುವುದು ಅದರ ನಿತ್ಯದ ಕೆಲಸ. ನೀವು ಕೊಡುವ ಪ್ರತಿ ಕಷಾಯ, ಪುಡಿ, ಮಾತ್ರೆ ಅದಕ್ಕೆ ಇನ್ನಷ್ಟು ಕೆಲಸ ಹಚ್ಚುತ್ತದೆ.

ಕಿರುನೆಲ್ಲಿಯ ಕಥೆ ಕೇಳಿ. 1988ರಲ್ಲಿ ಮದ್ರಾಸಿನ ಸಂಶೋಧಕರು ಈ ಗಿಡದಿಂದ ಹಲವರ ದೇಹದಲ್ಲಿ ಹೆಪಟೈಟಿಸ್ ಬಿ ವೈರಸ್‌ನ ಗುರುತು ಇಲ್ಲವಾಯಿತು ಎಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ದೊಡ್ಡ ಸುದ್ದಿಯಾಯಿತು. ಆದರೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಅದೇ ಫಲ ಸಿಗಲಿಲ್ಲ. ಫಾರ್ವರ್ಡ್‌ಗಳು ಮೊದಲ ಅರ್ಧವನ್ನು ಮಾತ್ರ ಹೇಳುತ್ತವೆ. ಅಮೃತಬಳ್ಳಿಯ ವಿಷಯದಲ್ಲಿ 2021ರಲ್ಲಿ ಮುಂಬೈನ ವೈದ್ಯರು, ಕೋವಿಡ್ ಸಮಯದಲ್ಲಿ ಅದನ್ನು ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಹಾನಿಯಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಆಪರೇಷನ್‌ಗೆ ಎದುರು ನೋಡುತ್ತಿರುವ ಲಿವರ್ ಮೇಲೆ ಪ್ರಯೋಗ ಮಾಡುವ ಕಾಲ ಇದಲ್ಲ. ಏನಾದರೂ ತೆಗೆದುಕೊಳ್ಳುತ್ತಿದ್ದರೆ, ಬೈಯುತ್ತಾರೆಂದು ಮುಚ್ಚಿಡದೆ ಡಾಕ್ಟರ್‌ಗೆ ತೋರಿಸಿ. ಕೆಲವು ಮೂಲಿಕೆಗಳು ರಕ್ತ ಹೆಪ್ಪುಗಟ್ಟುವುದನ್ನೂ ತಡೆಯುತ್ತವೆ.

ನಿಜವಾಗಿ ಲಿವರ್‌ಗೆ ಬಿಡುವು ಕೊಡುವುದು ಎರಡು. ಮದ್ಯ ಪೂರ್ತಿ ನಿಲ್ಲಿಸುವುದು ಒಂದು. ರೋಜು ಕುಡಿಯುವವರು ದಿಢೀರನೆ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು, ಹಾಗಾಗಿ ಡಾಕ್ಟರ್ ನೆರವಿನಿಂದ ಬಿಡಬೇಕು. ಹೆಪಟೈಟಿಸ್ ಬಿ ಇದ್ದರೆ ವೈರಸ್ ತಡೆಯುವ ಮಾತ್ರೆ ಶುರು ಮಾಡುವುದು ಇನ್ನೊಂದು. ದೊಡ್ಡ ಆಪರೇಷನ್ ನಂತರ ಈ ವೈರಸ್ ಕೆರಳಬಹುದು, ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆ ಅದನ್ನು ಹಿಡಿದಿಡುತ್ತದೆ. ಡಾಕ್ಟರ್ ಹೇಳದೆ ಈ ಮಾತ್ರೆ ನಿಲ್ಲಿಸಬೇಡಿ. ಮನೆಯ ಉಳಿದವರೂ ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿಕೊಳ್ಳಿ. ಸೋಂಕಿಲ್ಲದವರಿಗೆ ಲಸಿಕೆ ಇದೆ.

ಮಲಗಿಸಬೇಡಿ, ನಡೆಸಿ

"ರೆಸ್ಟ್ ಮಾಡಲಿ, ಆಪರೇಷನ್ ಇದೆ" ಎಂದು ಒಂದು ಲೋಟ ನೀರನ್ನೂ ಕೈಗೇ ತಂದುಕೊಡುವುದು ಪ್ರೀತಿಯಿಂದಲೇ. ಆದರೆ ಐದು ವಾರ ಮಲಗಿದವರ ಕಾಲಿನ ಶಕ್ತಿ, ಉಸಿರಿನ ಶಕ್ತಿ ಎರಡೂ ಇಳಿಯುತ್ತವೆ. ದೊಡ್ಡ ಆಪರೇಷನ್ ದೇಹಕ್ಕೆ ಬೆಟ್ಟ ಹತ್ತಿದಷ್ಟೇ ಶ್ರಮ. 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿ ಆಪರೇಷನ್‌ಗೆ ಕಾಯುತ್ತಿದ್ದವರಿಗೆ ನಾಲ್ಕು ವಾರ ಸೈಕಲ್ ವ್ಯಾಯಾಮ ಮಾಡಿಸಿದಾಗ, ಅಷ್ಟು ಅಲ್ಪ ಕಾಲದಲ್ಲೇ ಅವರ ದೇಹದ ತಾಳುವ ಶಕ್ತಿ ಹೆಚ್ಚಿತು.

ನಿಮಗೆ ಸೈಕಲ್ ಬೇಕಿಲ್ಲ. ಡಾಕ್ಟರ್ ಒಪ್ಪಿದರೆ ದಿನಕ್ಕೆ ಎರಡು ಸಲ ಹದಿನೈದು ನಿಮಿಷದ ನಡಿಗೆಯಿಂದ ಶುರು ಮಾಡಿ. ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗ ಸಾಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಕಾಲಿಗೆ ಒಳ್ಳೆಯ ವ್ಯಾಯಾಮ. ಮೂರು ಚೆಂಡುಗಳಿರುವ ಉಸಿರಾಟದ ಸಾಧನವನ್ನು ಆಪರೇಷನ್ ನಂತರ ನೋವಿನಲ್ಲಿ ಕಲಿಯುವುದಕ್ಕಿಂತ ಮೊದಲೇ ಕಲಿತಿರುವುದು ಸುಲಭ. ಬೀಡಿ ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ನಿಂತರೆ ಶ್ವಾಸಕೋಶ ಮತ್ತು ಗಾಯದ ತೊಂದರೆಗಳು ಕಡಿಮೆ.

ರೋಗಿಗೇ ಗೊತ್ತಿಲ್ಲದಿದ್ದರೆ?

ಅನೇಕ ಮನೆಗಳಲ್ಲಿ "ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿ ಡಾಕ್ಟರೇ" ಎಂದು ಮಕ್ಕಳು ಕೈಮುಗಿಯುತ್ತಾರೆ. ಆದರೆ ಈ ತಯಾರಿಯ ಪ್ರತಿಯೊಂದು ಕೆಲಸವನ್ನೂ ಮಾಡಬೇಕಾದವರು ಅಪ್ಪನೇ. ಊಟ ಸೇರದಿದ್ದರೂ ಉಣ್ಣುವುದು, ನಡೆಯುವುದು, ಬೀಡಿ ಬಿಡುವುದು. "ಸ್ವಲ್ಪ ಗ್ಯಾಸ್ಟ್ರಿಕ್ ಅಷ್ಟೇ" ಎಂದು ತಿಳಿದವರು ಇಷ್ಟೆಲ್ಲ ಏಕೆ ಮಾಡಿಯಾರು? ಹೇಗೆ, ಎಷ್ಟು ಹೇಳುವುದು ಎಂದು ಡಾಕ್ಟರ್ ಜೊತೆ ಕೂತು ನಿರ್ಧರಿಸಿ, ಆದರೆ ಹೇಳಿ.

ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ಈ ಪ್ರಶ್ನೆ ಕೇಳಿ:

• ಆಪರೇಷನ್ ನಂತರ ಶೇಕಡಾ ಎಷ್ಟು ಲಿವರ್ ಉಳಿಯುತ್ತದೆ? ಇವರಿಗೆ ಎಷ್ಟು ಬೇಕು?
• ಸಿರೋಸಿಸ್ ಇದೆಯೇ? ಚೈಲ್ಡ್-ಪಗ್ ದರ್ಜೆ ಯಾವುದು?
• ಮುಂದಿನ ಸ್ಕ್ಯಾನ್ ಯಾವ ದಿನ? ಲಿವರ್ ಬೆಳೆಯದಿದ್ದರೆ ಮುಂದೇನು? ಗಡ್ಡೆಯನ್ನು ಸುಡುವ ಚಿಕಿತ್ಸೆ, ಲಿವರ್ ಕಸಿ, ಬೇರೆ ಔಷಧಗಳ ಪೈಕಿ ಯಾವುದು ಹೊಂದುತ್ತದೆ?
• ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕು?

ಕಾಯುವ ದಿನಗಳಲ್ಲಿ ಕಣ್ಣು ಹಳದಿಯಾಗುವುದು, ಜ್ವರ, ಹೊಟ್ಟೆ ಉಬ್ಬುವುದು, ರಕ್ತ ವಾಂತಿ, ಕಪ್ಪು ಮಲ, ಹಗಲೆಲ್ಲ ಮಂಪರು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಫಾರ್ವರ್ಡ್ ಮಾಡುವ ಮುನ್ನ

ಡಾಕ್ಟರ್ ಹೇಳಿದ ತಾರೀಕು ಇಟ್ಟುಕೊಂಡು ಕಾಯುವುದು ಚಿಕಿತ್ಸೆ. ತಾರೀಕೇ ಇಲ್ಲದೆ, ಯಾವುದೋ ರಸ ಕುಡಿಯುತ್ತಾ ಕಾಯುವುದು ರೋಗಕ್ಕೆ ಕೊಟ್ಟ ಸಮಯ. ಗ್ರೂಪ್‌ನಲ್ಲಿ ಯಾರಾದರೂ "ಆಸ್ಪತ್ರೆಯವರು ಸುಮ್ಮನೆ ಕಾಯಿಸುತ್ತಿದ್ದಾರೆ" ಎಂದು ಬರೆದರೆ, ಎಲೆ ರಸದ ವಿಡಿಯೋ ಕಳಿಸುವ ಬದಲು ಒಂದೇ ಪ್ರಶ್ನೆ ಕೇಳಿ: "ಎಷ್ಟು ಲಿವರ್ ಉಳಿಯುತ್ತೆ ಅಂತ ಡಾಕ್ಟರನ್ನ ಕೇಳಿದ್ರಾ?" ಆ ಉತ್ತರ ಗೊತ್ತಾದರೆ ಕಾಯುವ ಕಾರಣವೂ ಗೊತ್ತಾಗುತ್ತದೆ.